ಎರಡು ಮನೆ ಟೇಲರ್ಸ್‌ಗೆ ತಂತಿ ಬಂದದ್ದು

ನಮ್ಮೂರಲ್ಲಿ ಎದುರುಮನೆ ಎಂಬುದಿಲ್ಲ. ಎಲ್ಲ ಮನೆಗಳೂ ಬೆಳಿಗ್ಗೆ ಮೂಡಣಕ್ಕೆ ಬಾಗಿಲು ತೆರೆದು ನಿಂತಿರುತ್ತವೆ. ಹೊತ್ತೇರಿದಂತೆ ಸೂರ್ಯನ ಜೊತೆ ಮೆಲ್ಲಗೆ ತಿರುಗುತ್ತ ಸಂಜೆಗೆ ಪಡುವಣಕ್ಕೆ ಮುಖ ಮಾಡುತ್ತವೆ. ನಾವು ಮಲಗಿ ಏಳುವುದರೊಳಗೆ ಉಳಿದರ್ಧ ಸುತ್ತನ್ನೂ ಮುಗಿಸಿ ಮತ್ತೆ ಮೂಡಣಕ್ಕೆ ಬಂದಿರುತ್ತವೆ. ಹೀಗಾಗಿ ಯಾರ ಬಾಗಿಲೂ ಯಾರ ಬಾಗಿಲನ್ನೂ ನೋಡುವುದಿಲ್ಲ. ಮುಂದಿನವರ ಬೆನ್ನು ನಮಗೆ, ನಮ್ಮ ಬೆನ್ನು ಹಿಂದಿನವರಿಗೆ. ಜಗಳವಾಡಬೇಕೆಂದರೂ ಓಣಿಗೆ ಇಳಿದೇ ಆಡಬೇಕು. ಕಟ್ಟೆಯ ಮೇಲೆ ಹಪ್ಪಳ ಹರವಿದರೆ ಬಿಸಿಲು ಎಲ್ಲಿಯೂ ಸರಿದು ಹೋಗುವುದಿಲ್ಲ. ಕರೆಂಟಿನ ಕಂಬಗಳ ಗೊಡವೆಯೂ ನಮಗಿಲ್ಲ. ಮಾಡಿನ ಮೇಲೆ ಸೋಲಾರ್ ಹಲಗೆ ಹಾಸಿಕೊಂಡರೆ ಮುಗಿಯಿತು, ಮನೆಯೇ ಅದನ್ನು ಹೊತ್ತು ಬಿಸಿಲಿನ ಹಿಂದೆ ಹೋಗುತ್ತದೆ. ವಾಸ್ತು ಹೇಳುವವರೊಬ್ಬರು ಒಮ್ಮೆ ನಮ್ಮೂರಿಗೆ ಬಂದಿದ್ದರಂತೆ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ವಾಪಸು ಹೋದರಂತೆ.

ನಾನು ಹೊರಗಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ಕೊಡ ಹಿಡಿದು ನೀರಿಗೆ ಹೋದವಳು, ಬಾವಿಕಟ್ಟೆಯಲ್ಲಿ ಮಾತಿಗೆ ನಿಂತು, ತಿರುಗಿ ಬಂದಾಗ ಬಾಗಿಲಿದ್ದ ಕಡೆ ಗೋಡೆ ಕಂಡು ಅಳುವುದೊಂದು ಬಾಕಿ. ನನ್ನ ಅತ್ತೆ ರುಕುಮಾಬಾಯಿ ಒಳಗಿನಿಂದಲೇ ಕೂಗಿದ್ದರು: "ಗೋದಾ, ಬಿಸಿಲು ಎಲ್ಲೈತಿ ನೋಡು, ಬಾಗಲಾ ಅಲ್ಲಿರತೈತಿ!" ಅಂದಿನಿಂದ ಬಿಸಿಲು ನೋಡಿ ನಡೆಯುವುದನ್ನು ಕಲಿತೆ. ಕಲಿಯದೆ ಗತಿಯೂ ಇರಲಿಲ್ಲ, ಏಕೆಂದರೆ ನನ್ನ ಕೆಲಸವೇ ನಡೆಯುವುದಾಗಿತ್ತು.

ನಮ್ಮದು ಹೊಲಿಗೆಯ ಮನೆತನ. ಅಂಗಡಿಯ ಹೆಸರು ಬೇರೆ ಏನೋ ಇದೆ, ಆದರೆ ಊರವರು ಕರೆಯುವುದು ಎರಡು ಮನೆ ಟೇಲರ್ಸ್ ಎಂದೇ. ಬಜಾರಿನ ಬೀದಿಯಲ್ಲಿರುವುದು ಅಳತೆ ಮನೆ. ಅಲ್ಲಿ ನನ್ನ ಗಂಡ ಏಕನಾಥ ಕೊರಳಿಗೆ ಟೇಪು ಹಾಕಿಕೊಂಡು ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ಅದರ ಹಿಂದೆ ಬಳೆಗಾರ ಶಿವರುದ್ರನ ಮನೆ, ಅದನ್ನು ದಾಟಿದರೆ ಕತ್ತರಿ ಮನೆ. ಅಲ್ಲಿ ನನ್ನ ಭಾವ ಹರಿಬಾ ಬಟ್ಟೆ ಕತ್ತರಿಸುತ್ತಾರೆ, ಹೊಲಿಯುವವರು ಹೊಲಿಯುತ್ತಾರೆ. ಭಾವ ಮದುವೆಯಾಗದೆ ಉಳಿದವರು. ಕತ್ತರಿಗೇ ತಾಳಿ ಕಟ್ಟಿದ್ದಾರೆಂದು ಊರು ನಗುತ್ತಿತ್ತು. ಈ ಎರಡು ಮನೆಗಳ ನಡುವೆ ಅಳತೆಗಳನ್ನು ಬಾಯಲ್ಲಿ ಹೊತ್ತು ಓಡಾಡುತ್ತಿದ್ದವಳು ನಾನು. ಚೀಟಿ ಬರೆದು ಕಳಿಸಬಹುದಿತ್ತು, ಕಳಿಸಿಯೂ ನೋಡಿದ್ದರು. ಆದರೆ ಭಾವನಿಗೆ ಅಂಕಿಗಳಷ್ಟೇ ಸಾಲುತ್ತಿರಲಿಲ್ಲ. "ಹೊಟ್ಟಿ ಮುಂದ ಬಂದೈತೋ, ಸುತ್ತೂ ಐತೋ? ಎಡ ಹೆಗಲು ಇಳದೈತೇನು?" ಎಂದು ಕೇಳುತ್ತಿದ್ದರು. ಗಿರಾಕಿಯನ್ನು ಕಣ್ಣಾರೆ ನೋಡಿ ಬಂದವಳು ನಾನು, ಹೇಳುತ್ತಿದ್ದೆ. ಊರಿನ ಅರ್ಧ ಜನರ ಹೆಗಲು ನನಗೆ ಬಾಯಿಪಾಠ.

ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮಾತ್ರ ಕೆಡುತ್ತಿತ್ತು. ಒಮ್ಮೆ ಶಿವರುದ್ರ ಮನೆಯವರೆಲ್ಲರ ಕ್ಷೇಮಸಮಾಚಾರ ಕೇಳಿ ಮುಗಿಸುವಷ್ಟರಲ್ಲಿ ಮದುಮಗನ ತೋಳು ಮಾವನಿಗೂ ಮಾವನ ತೋಳು ಮದುಮಗನಿಗೂ ಹೋಗಿ, ಮಂಟಪದಲ್ಲಿ ಮದುಮಗ ಕೈ ಕಾಣದೆಯೇ ತಾಳಿ ಕಟ್ಟಬೇಕಾಯಿತು. ಊರು ನಕ್ಕಿತು, ನಾವೂ ನಕ್ಕೆವು.

ನಗಲಾಗದ ಕೆಲಸ ಬಂದದ್ದು ಹೆಣ್ಣುಮಕ್ಕಳ ಶಾಲೆಯಿಂದ. ಹೆಡ್ ಅಕ್ಕೋರು ತಾವೇ ಅಂಗಡಿಗೆ ಬಂದರು. ಅಲ್ಲಿಯವರೆಗೆ ಯೂನಿಫಾರ್ಮು ಹೊರಗಿನಿಂದ ಮೂಟೆಯಲ್ಲಿ ಬರುತ್ತಿತ್ತು. "ನಮ್ಮ ಹುಡಿಗ್ಯಾರು ಚೀಲದಾಗ ಕಾಲು ಹಾಕ್ಕೊಂಡ ಓಡಿಧಂಗ ಓಡತಾವ್ರಿ. ಆಟದಾಗ ಎಡವಿ ಬೀಳತಾವ. ಈ ಸಲ ಒಂದೊಂದು ಹುಡಿಗಿದೂ ಅಳತಿ ತಗೊಂಡು ಹೊಲೀಬೇಕು. ಶಾಲಿ ಸುರು ಆಗೂದ್ರಾಗ ಮುಗಿಸಿ ಕೊಡ್ತೀರೇನು?" ಎಂದು ಕೇಳಿದರು. ನನ್ನ ಗಂಡ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಭಾವನಿಗೆ ಸುದ್ದಿ ಮುಟ್ಟಿಸಿದವಳು ನಾನೇ. ಅವರು ಕತ್ತರಿ ಕೆಳಗಿಟ್ಟು, "ಇಡೀ ಶಾಲಿ ಅಳತಿ ಒಬ್ಬಾಕಿ ಬಾಯಾಗ ಹಿಡೀತೈತೇನು? ಅವಗ ತಲಿ ಕೆಟ್ಟೈತಿ," ಎಂದರು. ಅದನ್ನೂ ನಾನೇ ಮುಟ್ಟಿಸಿದೆ.

ಆಗ ಹುಟ್ಟಿದ್ದು ನೆಟ್‌ವರ್ಕಿನ ಮಾತು. ಅಳತೆ ಮನೆಯಲ್ಲಿ ಟ್ಯಾಬ್‌ನಲ್ಲಿ ಒತ್ತಿದ್ದು ಕತ್ತರಿ ಮನೆಯ ಕಂಪ್ಯೂಟರಿನಲ್ಲಿ ಮೂಡಬೇಕು, ಇಷ್ಟೇ. ಇದಕ್ಕೆ ಇಬ್ಬರೂ ಒಪ್ಪಿದರು; ಇಡೀ ಶಾಲೆಯ ಕೆಲಸಕ್ಕೆ ಅಂಕಿಯಷ್ಟೇ ಸಾಕೆಂದು ಭಾವನೂ ಪಟ್ಟು ಬಿಟ್ಟರು. ಅದು ಹೇಗೆ ಹೋಗಬೇಕು ಎಂಬಲ್ಲಿ ಅಣ್ಣತಮ್ಮಂದಿರಿಗೆ ತಕರಾರು ಬಿತ್ತು. ಅವರವರ ಮನೆಯಲ್ಲಿ ಕುಳಿತೇ ಜಗಳವಾಡಿದರು. ಮಾತು ಹೊತ್ತು ಓಡಾಡಿದವಳು ನಾನು.

"ಗಾಳ್ಯಾಗ ಹೋಗ್ಲಿ ಅನ್ನು," ಎಂದರು ನನ್ನ ಗಂಡ. "ಟ್ಯಾಬ್ ಕೈಯಾಗ ಹಿಡಕೊಂಡು ಗಿರಾಕಿ ಸುತ್ತ ತಿರಗ್ಯಾಡಬೇಕು ನಾ. ವಾಯರ್ ಹಾಕಿದ್ರ ಗೂಟಕ್ಕ ಕಟ್ಟಿದ ಎತ್ತಿನಂಗ ನಿಲ್ಲಬೇಕಾಗತೈತಿ."

"ಗಾಳಿಗೆ ಬಿಟ್ಟದ್ದು ಯಾರ ಕಿವಿಗೆ ಬೀಳತೈತೋ ಯಾರಿಗ್ಗೊತ್ತು?" ಎಂದರು ಭಾವ. "ತಂತಿ ಹಾಕಸು ಅನ್ನು. ಈ ತುದಿಗೆ ಕೊಟ್ಟದ್ದು ಆ ತುದಿಗೇ ಬರಬೇಕು."

ದಿನವಿಡೀ ಹೋಗಿ ಬಂದು ನನ್ನ ಕಾಲು ಸೋತವು. ಸಂಜೆ ಅತ್ತೆ ಇಬ್ಬರನ್ನೂ ಕರೆಸಿ ಕೂರಿಸಿ, "ಓಡಾಡೂ ಆಕಿನ್ನ ಯಾರರ ಕೇಳೀರೇನು? ಗಾಳಿ ಬೇಕೋ ತಂತಿ ಬೇಕೋ ಗೋದಾ ಹೇಳ್ಲಿ. ಆಕಿ ಹೇಳಿದ್ದ ಆಗಬೇಕು," ಎಂದುಬಿಟ್ಟರು. ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಎರಡರಲ್ಲಿ ಒಂದರ ಗಂಧವೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಯಾವುದು ಬಂದರೂ ಅದು ನನ್ನ ಜಾಗಕ್ಕೆ ಬರುತ್ತದೆ ಎಂಬುದು. "ಬಲ್ಲವರನ್ನ ಕರೆಸ್ರಿ, ನೋಡಿ ಹೇಳ್ತೀನಿ," ಎಂದೆ.

ಬಂದವಳು ಫಿರ್ದೋಸ್. ಬಯಲು ಸೀಮೆಯ ಪೇಟೆಯಲ್ಲಿ ಅಂಗಡಿಗಳಿಗೆ ನೆಟ್‌ವರ್ಕ್ ಕೂರಿಸುವ ಹುಡುಗಿ. ಸ್ಕೂಟರಿನ ಹಿಂದೆ ಅವಳಿಗಿಂತ ದೊಡ್ಡ ಚೀಲ. ಮನೆಗಳು ನಿಂತಲ್ಲೇ ನಿಲ್ಲುವ ಊರಿನವಳಾದ್ದರಿಂದ ಒಳಗೆ ಬಂದು ಸ್ವಲ್ಪ ಹೊತ್ತಿಗೆಲ್ಲ ಮುಖ ಬೆಳ್ಳಗಾಯಿತು. ಕಿಟಕಿಯ ಹೊರಗೆ ಬಾವಿ ಸರಿಯುತ್ತಿರುವುದನ್ನು ನೋಡಿದಳು, ಅಷ್ಟೇ, ಕುಸಿದು ಕುಳಿತಳು. ಅತ್ತೆ ಅವಳನ್ನು ಕೈಹಿಡಿದು ಕರೆತಂದು ಮನೆಯ ನಡುವಿನ ಕಲ್ಲುಗಂಬಕ್ಕೆ ಒರಗಿಸಿದರು. "ಇದಕ್ಕ ಬೆನ್ನು ಹಚ್ಚು ಮಗಳ. ತಿರುಗೂದು ಮನಿ ಅಷ್ಟ. ಇದು ತಿರುಗೂದಿಲ್ಲ." ಶುಂಠಿ ಹಾಕಿದ ಚಹಾ ಕುಡಿದ ಮೇಲೆ ಅವಳ ಬಣ್ಣ ಮರಳಿತು.

ಎರಡರ ಗುಣವನ್ನೂ ಅವಳು ನನಗೆ ಬಿಡಿಸಿ ಹೇಳಿದಳು. ಗಾಳಿಯದಾದರೆ ಗೋಡೆ ಕೊರೆಯಬೇಕಿಲ್ಲ, ಒಂದೇ ದಿನದ ಕೆಲಸ, ಎಲ್ಲಿ ಬೇಕಾದರೂ ಹಿಡಿದು ಓಡಾಡಬಹುದು. ಆದರೆ ದಪ್ಪ ಗೋಡೆ ಅಡ್ಡ ಬಂದರೆ ಸೊರಗುತ್ತದೆ. ತಂತಿಯದಾದರೆ ಕೂರಿಸುವುದು ಕಷ್ಟ. ಕೂರಿಸಿದ ಮೇಲೆ ಜಗ್ಗುವುದಿಲ್ಲ, ಕಂಡವರ ಕೈಗೂ ಸಿಗುವುದಿಲ್ಲ. "ಪ್ಯಾಟ್ಯಾಗಾದ್ರ ನೋಡಿದ ಕೂಡ್ಲೆ ಹೇಳಿಬಿಡತಿದ್ದೆ ಅಕ್ಕಾರ. ನಿಮ್ಮೂರಾಗ ಹಾಕಿ ನೋಡಬೇಕು."

ಅವಳನ್ನು ಕತ್ತರಿ ಮನೆಗೆ ಕರೆದುಕೊಂಡು ಹೋಗುವಾಗ ಓಣಿಯಲ್ಲಿ ಕೇಳಿದೆ: "ಇದು ಬಂದ ಮ್ಯಾಲೆ ನಾ ಏನ ಮಾಡ್ಲವ್ವಾ?"

"ಅದನ್ನ ಕೂರಸಾಕ ನನಗ ಬರೂದಿಲ್ಲಲ್ರೀ," ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ನಿಮಗೇನ ಮಾಡಬೇಕನಸತೈತಿ?"

ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಕತ್ತರಿ ಮನೆ ಬಂದಿತ್ತು.

ಮೊದಲು ಗಾಳಿಯದನ್ನು ನೋಡೋಣ ಎಂದೆ. ಎರಡೂ ಮನೆಗಳ ಬಾಗಿಲ ಮೇಲೆ ಒಂದೊಂದು ಬಿಳಿ ಡಬ್ಬಿ ಕೂತಿತು. ಮಧ್ಯಾಹ್ನ, ಎರಡು ಮನೆಗಳೂ ಪಕ್ಕದ ಕಿಟಕಿಗಳನ್ನು ಪರಸ್ಪರ ತೋರಿಸಿಕೊಂಡು ನಿಂತಿದ್ದ ಹೊತ್ತು. ನನ್ನ ಗಂಡ ಟ್ಯಾಬ್‌ನಲ್ಲಿ ಒಂದು ಅಂಗಿಯ ಅಳತೆ ಒತ್ತಿದರು. ಅಲ್ಲಿ ಭಾವನ ಮುಂದೆ ಫಕ್ಕನೆ ಮೂಡಿತಂತೆ. ಅವರು ಬೆಚ್ಚಿ ಹಿಂದೆ ಸರಿದು ಇಸ್ತ್ರಿಗೆ ಕೈ ತಾಗಿಸಿಕೊಂಡರು. ಅತ್ತೆ ಶಿರಾ ಮಾಡಿ ಹಂಚಿದರು. ಎಲ್ಲರೂ ಬಾಯಿ ಸಿಹಿ ಮಾಡಿಕೊಂಡು ಮುಗಿಸುವಷ್ಟರಲ್ಲಿ ಹೊತ್ತು ಇಳಿದು ಕತ್ತರಿ ಮನೆಯ ಬೆನ್ನು ಇತ್ತ ತಿರುಗಿತು. ನಮ್ಮ ಮನೆಗಳ ಹಿಂಗೋಡೆ ಕರಿಕಲ್ಲಿನದು, ಕಿಟಕಿಯಿಲ್ಲದ್ದು. ಅಳತೆಗಳು ಅದಕ್ಕೆ ಬಡಿದು ಅಲ್ಲೇ ನಿಂತವು. ಮರುದಿನ ಬೆಳಿಗ್ಗೆ ಅಳತೆ ಮನೆಯ ಬೆನ್ನು ಅಡ್ಡ ಬಂತು. ಊಟದ ಹೊತ್ತಿಗೆ ಮಾತ್ರ ಎಲ್ಲ ಸರಾಗ, ಆಗ ಭಾವ ಊಟಕ್ಕೆ ಹೋಗಿರುತ್ತಿದ್ದರು.

ಇದರ ನಡುವೆ ಶಿವರುದ್ರ ತಲೆ ಕೆರೆದುಕೊಳ್ಳುತ್ತ ಬಂದ. ಅವನೂ ತನ್ನ ಅಂಗಡಿಗೆ ಇಂಥದೇ ಡಬ್ಬಿ ಕೊಂಡು ತಂದಿದ್ದ. ಮನೆಗಳು ತಿರುಗುವಾಗ ನಮ್ಮದು ಅವನದಕ್ಕೆ ಹೋಗಿ ಬೀಳುತ್ತಿತ್ತೋ ಏನೋ. "ಗೋದವ್ವ, ನಲವತ್ತೆರಡರ ಅಳತಿ ಬಳಿ ಬೇಕಂತ ಬಂದೈತಿ. ಅಷ್ಟು ದೊಡ್ಡ ಕೈ ಯಾರದವ್ವಾ? ಆನೀಗೇನರ ತೊಡಸ್ತಾರೇನು?" ಎಂದ.

"ಅಯ್ಯ, ಅದು ಫೌಜದಾರ ಸಾಹೇಬ್ರ ಸೊಂಟ್ರೀ!" ಎಂದೆ ನಾನು. ಅನ್ನಬಾರದಿತ್ತು. ಮಧ್ಯಾಹ್ನದೊಳಗೆ ಪೊಲೀಸ್ ಠಾಣೆಯ ಫೌಜದಾರರ ಸೊಂಟ ಊರಿಗೆಲ್ಲ ಗೊತ್ತಾಯಿತು. ಸಾಹೇಬರು ಸಿಟ್ಟಾಗುತ್ತಾರೆಂದು ಹೆದರಿದ್ದೆವು. ಅವರು ಮರುದಿನದಿಂದ ಬೆಳಿಗ್ಗೆ ಕೆರೆಯವರೆಗೆ ನಡೆಯಲು ಶುರುಮಾಡಿದರು.

"ನಾ ಮೊದಲ ಹೇಳಿರಲಿಲ್ಲೇನು?" ಎಂದು ಭಾವ ಹೇಳಿ ಕಳಿಸಿದರು. ಸರಿ, ತಂತಿ. ಫಿರ್ದೋಸ್ ಸಂಶಯದಿಂದಲೇ, "ಮನಿ ತಿರಗತಾವ ಕಾಕಾ, ತಂತಿ ಸುತ್ತಕೋತೈತಿ," ಎಂದಳು. "ಸಡಿಲ ಬಿಡು. ನಾ ಅಂಗಿ ಅರಿವಿಗೆ ಸಡಿಲ ಬಿಡೂದಿಲ್ಲೇನು?" ಎಂದರು ಭಾವ. ಮಾಡಿನಿಂದ ಮಾಡಿಗೆ, ಶಿವರುದ್ರನ ಮನೆಯ ಮೇಲಿಂದ, ಜೋಲು ಬಿಟ್ಟು ತಂತಿ ಎಳೆದದ್ದಾಯಿತು. ಏನು ಹೇಳಲಿ, ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಒಮ್ಮೆಯೂ ತಪ್ಪಲಿಲ್ಲ. ನನ್ನ ಗಂಡ ಮಾತ್ರ ಟ್ಯಾಬ್‌ಗೆ ಸಿಕ್ಕಿಸಿದ ವಾಯರಿನ ಉದ್ದಕ್ಕಷ್ಟೇ ಓಡಾಡುತ್ತ, ದಪ್ಪನೆಯ ಗಿರಾಕಿಗಳನ್ನು "ಸ್ವಲ್ಪ ನೀವ ತಿರುಗ್ರಿ" ಎಂದು ಬೇಡಿಕೊಳ್ಳುತ್ತಿದ್ದರು.

ಜೋಲು ದಿನದಿನಕ್ಕೆ ಕರಗಿತು. ಮನೆಗಳು ಬಾಬಿನ್‌ಗೆ ದಾರ ಸುತ್ತಿದ ಹಾಗೆ ತಂತಿಯನ್ನು ಸುತ್ತಿಕೊಳ್ಳುತ್ತ ಹೋದವು. ಒಂದು ಬೆಳಿಗ್ಗೆ ಶಿವರುದ್ರನ ಹೆಂಡತಿ ಒಣಹಾಕಿದ್ದ ಸೀರೆಗಳು ತಂತಿಗೆ ಸಿಕ್ಕಿಕೊಂಡು ಮೆರವಣಿಗೆ ಹೊರಟು ನಮ್ಮ ಮಾಡಿನ ಅಂಚಿಗೆ ಬಂದು ನಿಂತವು. ಅದೇ ಹೊತ್ತಿಗೆ ಕತ್ತರಿ ಮನೆಯಲ್ಲಿ ಕಂಪ್ಯೂಟರು ಮೇಜಿನ ಮೇಲೆ ತಾನಾಗಿ ಕಿಟಕಿಯ ಕಡೆ ನಡೆಯತೊಡಗಿತ್ತು. ನಾನು ಓಡಿ ಒಳಗೆ ಹೋದಾಗ ಭಾವ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಕಾಲು ಗೋಡೆಗೆ ಕೊಟ್ಟು ನಿಂತಿದ್ದರು. "ಗೋದಾ, ಕತ್ತರಿ! ಕತ್ತರಿ ತಗೋ!" ಮೇಜಿನ ಮೇಲೆ ಇದ್ದದ್ದು ಅವರದೇ ಕತ್ತರಿ. ಬಟ್ಟೆ ಬಿಟ್ಟು ಇನ್ನೇನನ್ನೂ ಮುಟ್ಟದ, ಬೇರೆ ಯಾರೂ ಮುಟ್ಟದ ಕತ್ತರಿ. ತೆಗೆದುಕೊಂಡೆ, ಹಲ್ಲು ಕಚ್ಚಿ ಒತ್ತಿದೆ. ತಂತಿ ಠಣ್ಣೆಂದು ಕಿಟಕಿಯಾಚೆ ಹಾರಿತು, ಭಾವ ಕಂಪ್ಯೂಟರನ್ನು ಎದೆಗವಚಿಕೊಂಡೇ ನೆಲಕ್ಕೆ ಕೂತರು. ಬೈಯುತ್ತಾರೆಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ನಗು ಮುಗಿದ ಮೇಲೆ ದಿಗಿಲು. ಶಾಲೆ ಶುರುವಾಗುವ ದಿನ ಹತ್ತಿರ ಬರುತ್ತಿತ್ತು, ಅಳತೆ ಕೊಡಲು ಹುಡುಗಿಯರು ಬಾಗಿಲಲ್ಲಿ ಸಾಲುಗಟ್ಟಿದ್ದರು, ನಾನು ಮತ್ತೆ ಓಡಾಟಕ್ಕೆ ಬಿದ್ದಿದ್ದೆ. ಫಿರ್ದೋಸ್ ಬಂದು ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತಳು. ಅವಳ ಮುಖ ನೋಡಿದರೆ ಅಳುವಂತಿತ್ತು. ಅತ್ತೆ ತಟ್ಟೆಯಲ್ಲಿ ಅವಲಕ್ಕಿ ತಂದಿಟ್ಟರು. ಅವಳು ತಿನ್ನಲಿಲ್ಲ. ತಲೆಯೆತ್ತಿ ಕಂಬವನ್ನು ಮಾಡಿನವರೆಗೆ ನೋಡಿದಳು, ಬಗ್ಗಿ ಅದರ ಬುಡ ನೋಡಿದಳು.

"ಅಮ್ಮಾರ, ಇದು ನೆಲದಾಗ ಎಷ್ಟು ಕೆಳಗ ಹೋಗೈತ್ರಿ?"

"ಯಾರು ನೋಡ್ಯಾರ? ಮನಿಕಿಂತ ಮೊದಲ ಇದು ಇತ್ತಂತ."

"ಆ ಮನ್ಯಾಗೂ ಹಿಂಗ ಕಂಬ ಐತೇನ್ರಿ?"

"ಎಲ್ಲಾ ಮನ್ಯಾಗೂ ಐತಿ ಮಗಳ."

ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ನಾವು ಗಾಳಿ ಇಲ್ಲಾ ತಂತಿ ಅಂತ ಕುಂತೀವಿ. ಎರಡೂ ಯಾಕಾಗಬಾರದು? ಕಂಬದಿಂದ ಕಂಬಕ್ಕ ನೆಲದೊಳಗ ತಂತಿ. ಡಬ್ಬಿ ಕಂಬಕ್ಕ. ಡಬ್ಬಿಯಿಂದ ಟ್ಯಾಬಿಗೆ ಗಾಳಿ. ಮನಿ ಎಷ್ಟರ ತಿರುಗಲಿ, ನಡುವಿನ ಡಬ್ಬಿ ನಡುವ ಇರತೈತಿ!"

ನನಗೆ ಅರ್ಥವಾಯಿತು. ಅರ್ಥವಾದ ಖುಷಿಯಲ್ಲಿ ನನ್ನ ಕೆಲಸ ಹೋಗುವುದನ್ನೂ ಮರೆತೆ. "ಇದ ಬೇಕು ನನಗ," ಎಂದೆ.

ಆದರೆ ಕಂಬ ಅತ್ತೆಯದು. ಪ್ರತಿದಿನ ಅದಕ್ಕೆ ಅರಿಶಿನ ಕುಂಕುಮ. ಆ ಮನೆಯಲ್ಲಿ ಬೆಳೆದ ಮಕ್ಕಳ ಎತ್ತರವನ್ನೆಲ್ಲ ಅದರ ಮೇಲೆ ಗೀಚಿಟ್ಟಿದ್ದರು. ಅದಕ್ಕೆ ಮೊಳೆ ಹೊಡೆಯುವ ಮಾತನ್ನು ಯಾರು ಎತ್ತುವುದು? ನನ್ನ ಗಂಡ ಟೇಪು ಮಡಚತೊಡಗಿದರು. ಕೊನೆಗೆ ನಾನೇ ಬಾಯಿಬಿಟ್ಟೆ. ಅತ್ತೆ ಕಂಬದ ಮೇಲಿನ ಗೆರೆಗಳ ಮೇಲೆ ಕೈಯಾಡಿಸಿದರು. ಆಮೇಲೆ ಎದ್ದು ಹೋಗಿ ತಮ್ಮ ಹಳೆಯ ಇಳಕಲ್ ಸೀರೆಯ ಅಂಚನ್ನು ಉದ್ದಕ್ಕೆ ಹರಿದು ತಂದರು. "ಮೊಳಿ ಹೊಡೀಬ್ಯಾಡ್ರಿ. ಕಟ್ರಿ," ಎಂದರು. ತಾವೇ ಡಬ್ಬಿಯನ್ನು ಕಂಬಕ್ಕೆ ಒತ್ತಿ ಹಿಡಿದು, ಕೂಸಿಗೆ ಉಡಿದಾರ ಕಟ್ಟಿದಂತೆ, ಬಿಗಿಯಾಗದ ಹಾಗೆ ಸಡಿಲವಾಗದ ಹಾಗೆ ಕಟ್ಟಿದರು.

ನೆಲ ಅಗೆಯುವುದು ಓಣಿಗೆ ಹಬ್ಬವಾಯಿತು. ಕಾಲುವೆ ಶಿವರುದ್ರನ ಮನೆಯ ಅಡಿಯಿಂದ ಹೋಗಬೇಕಿತ್ತು. "ನನ್ನ ಕಂಬಕ್ಕೂ ಒಂದು ಎಳಿ ಕೊಟ್ರ ಅಗೀರಿ," ಎಂದ. ಕೊಡುತ್ತೇವೆ ಎಂದ ಕೂಡಲೇ ತಾನೇ ಗುದ್ದಲಿ ಹಿಡಿದ. ನಡಿಗೆಗೆ ಹೊರಟಿದ್ದ ಫೌಜದಾರರೂ ಪ್ಯಾಂಟು ಮಡಚಿ ಕಾಲುವೆಗೆ ಇಳಿದರು. ಭಾವ ಸುಣ್ಣದ ಗೆರೆ ಎಳೆದರು, ಬಟ್ಟೆಗೆ ಎಳೆಯುವಷ್ಟೇ ನೇರ. ತಂತಿ ಮಣ್ಣೊಳಗೆ ಹೋಯಿತು, ಮಣ್ಣು ಮುಚ್ಚಿತು. ಫಿರ್ದೋಸ್ ಕತ್ತರಿ ಮನೆಯ ಕಂಬದ ಬುಡದಿಂದ ಕೂಗಿದಳು: "ಕಳಸ್ರಿ!"

ಸರದಿಯಲ್ಲಿ ಮುಂದೆ ನಿಂತಿದ್ದ ಹುಡುಗಿಯ ಅಳತೆ ಹೋಯಿತು. ಅವಳ ಹಿಂದಿನವಳದು. ಅವಳ ಹಿಂದಿನವಳದು. ಮನೆ ದಕ್ಷಿಣಕ್ಕೆ ತಿರುಗಿತು, ಪಡುವಣಕ್ಕೆ ತಿರುಗಿತು, ನನ್ನ ಗಂಡ ಟ್ಯಾಬ್ ಹಿಡಿದು ಹುಡುಗಿಯರ ಸುತ್ತ ಬೇಕಾದ ಹಾಗೆ ಸುತ್ತಿದರು. ಒಂದು ಅಳತೆಯೂ ದಾರಿಯಲ್ಲಿ ಬೀಳಲಿಲ್ಲ.

ಮರುದಿನ ನಾನು ಕಟ್ಟೆಯ ಮೇಲೆ ಸುಮ್ಮನೆ ಕುಳಿತೆ. ಹೋಗಿಬರುವವರೆಲ್ಲ "ಅರಾಮಿಲ್ಲೇನ ಗೋದವ್ವ?" ಎಂದು ಕೇಳಿದರು. ಅರಾಮಾಗಿಯೇ ಇದ್ದೇನೆ ಎಂದರೆ ನಂಬಲಿಲ್ಲ. ಕಾಲುಗಳು ತಾವಾಗಿಯೇ ಅಲ್ಲಾಡುತ್ತಿದ್ದವು. ಕೊನೆಗೆ ಎದ್ದೆ, ಏನನ್ನೂ ಹೊರದ ಬಾಯಿಂದ ಓಣಿ ದಾಟಿ ಕತ್ತರಿ ಮನೆಗೆ ಹೋದೆ.

ಅಲ್ಲಿ ಭಾವ ಬಟ್ಟೆಯ ರಾಶಿಯ ನಡುವೆ ಮುಳುಗಿದ್ದರು. ಅಳತೆಗಳು ಮೊದಲು ನನ್ನ ಕಾಲಿನ ವೇಗದಲ್ಲಿ ಬರುತ್ತಿದ್ದವು, ಈಗ ಧಾರೆಯಾಗಿ ಬರುತ್ತಿದ್ದವು. ಹೊಲಿಯುವವರು ಕೈಕಟ್ಟಿ ಕುಳಿತು ಕತ್ತರಿಸಿದ ಬಟ್ಟೆಗಾಗಿ ಕಾಯುತ್ತಿದ್ದರು. "ಇನ್ನೊಬ್ಬ ಕತ್ತರಿಸಾಂವ ಬೇಕು ಗೋದಾ," ಎಂದರು ಭಾವ ತಲೆಯೆತ್ತದೆ. "ಬಯಲು ಸೀಮ್ಯಾಗ ಯಾರರ ಸಿಗತಾರೇನೋ ಏಕನಾಥಗ ಕೇಳು."

"ಕೇಳೂದಿಲ್ಲ ಭಾವಾರ," ಎಂದೆ. "ಎರಡನೇ ಕತ್ತರಿ ನಾ ಹಿಡೀತೀನಿ."

ಹೊಲಿಯುವವರು ಮೆಷಿನ್ನಿನಿಂದ ಕಾಲು ತೆಗೆದರು. ಭಾವ ತಲೆಯೆತ್ತಿದರು.

"ಕಲಿಸಿದವರ್ಯಾರು?"

"ನೀವ. ಅಳತಿ ಹೇಳಿ ಮುಗಿದ ಮ್ಯಾಲೆ ನಾ ಎಂದರ ಲಗೂನ ಹೋಗೀನೇನ್ರಿ? ನಿಂತು ನೋಡತಿದ್ದೆ."

ಅವರು ಮೇಜಿನ ಮೇಲೆ ಜಾಗ ಮಾಡಿ ನೀಲಿ ಬಟ್ಟೆ ಹಾಸಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಯಾರೋ ಹುಡುಗಿಯ ಅಳತೆ. ನೋಡಿದ ಕೂಡಲೇ ಯಾರೆಂದು ಹೊಳೆಯಿತು; ಹಾಲಿನವರ ಮನೆಯ ನಡುವಿನವಳು, ಬಲಗೈಯಲ್ಲಿ ಬಿಂದಿಗೆ ಹೊತ್ತು ಆ ಹೆಗಲು ಕೊಂಚ ಇಳಿದಿದೆ. ಸುಣ್ಣದ ಬಿಲ್ಲೆಯಿಂದ ಗೆರೆ ಎಳೆದೆ, ಬಲಹೆಗಲಿಗೆ ಒಂದು ಎಳೆಯಷ್ಟು ಇಳಿಸಿದೆ. ಕತ್ತರಿ ಇಟ್ಟೆ. ಮೊದಲ ಒತ್ತು ಮೆಲ್ಲಗೆ ಕೊಟ್ಟೆ, ಆಮೇಲೆ ಬಟ್ಟೆ ತಾನೇ ಬಿಟ್ಟುಕೊಡುತ್ತ ಹೋಯಿತು. ಆ ಸದ್ದು ಹೊರಗಿನಿಂದ ಕೇಳುವುದು ಬೇರೆ, ನಮ್ಮದೇ ಕೈಯಿಂದ ಬರುವುದು ಬೇರೆ. ಬಗಲಿನ ತಿರುವಿಗೆ ಬಂದಾಗ ಭಾವ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಇಲ್ಲೊಂದು ಬೆರಳು ಬಿಡು," ಎಂದರು. "ಹುಡಿಗ್ಯಾರು ಬೆಳೀತಾರ."

ಬಿಟ್ಟೆ. ಅವರು ತುಂಡುಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಹೊಲಿಯುವವರ ಕಡೆ ಎಸೆದರು. ಇನ್ನೊಂದು ನೀಲಿ ಬಟ್ಟೆ ನನ್ನ ಮುಂದೆ ಹಾಸಿದರು.

ಶಾಲೆ ಶುರುವಾದ ಬೆಳಿಗ್ಗೆ ನಾವೆಲ್ಲ ಕೆಲಸ ಬಿಟ್ಟು ಬಜಾರಿನ ಬೀದಿಗೆ ಬಂದು ನಿಂತೆವು. ಮನೆಗಳೆಲ್ಲ ಮೂಡಣಕ್ಕೆ ಬಾಗಿಲು ತೆರೆದಿದ್ದವು. ಒಂದೊಂದು ಬಾಗಿಲಿನಿಂದ ಒಂದೊಂದು ನೀಲಿ ಕಮೀಜು ಹೊರಬಿತ್ತು. ಬೀದಿಯ ತುದಿಯಲ್ಲಿ ಒಂದಾದ ಹುಡುಗಿಯರು ಗಂಟೆಯ ಸದ್ದಿಗೆ ಓಡತೊಡಗಿದರು. ಒಬ್ಬಳೂ ಎಡವಲಿಲ್ಲ. ಫಿರ್ದೋಸ್ ಸ್ಕೂಟರು ನಿಲ್ಲಿಸಿಕೊಂಡು ಸೀಟಿ ಹೊಡೆದಳು, ಅತ್ತೆ ಇದೆಲ್ಲಿಯ ಹುಡುಗಿ ಎನ್ನುವಂತೆ ನೋಡಿ ಆಮೇಲೆ ತಾವೂ ನಕ್ಕರು.

ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. "ಅಕಾ ಅಲ್ಲಿ, ಆ ಎರಡು ಜಡಿಯಾಕಿದು ನಂದು," ಎಂದರು. "ಬಗಲು ನೋಡು, ಹ್ಯಾಂಗ ಕುಂತೈತಿ."

"ಅದು ನಂದು ಭಾವಾರ."

"ಹುಚ್ಚಿ, ನನ್ನ ಕೈ ನನಗ ಗೊತ್ತಾಗೂದಿಲ್ಲೇನು?" ಎಂದು ಬೀದಿಗೆ ಇಳಿದು ಆ ಹುಡುಗಿಯನ್ನು ತಡೆದು ನಿಲ್ಲಿಸಿದರು. ಹೆಗಲು ಮುಟ್ಟಿ ನೋಡಿದರು, ತೋಳು ತಿರುಗಿಸಿ ನೋಡಿದರು. ಗಂಟೆ ನಿಲ್ಲುತ್ತಾ ಬಂದಿತ್ತು. "ಬಿಡ್ರಿ ಕಾಕಾ, ಹೊತ್ತಾತು!" ಎಂದು ಅವಳು ಕೊಸರಿಕೊಂಡು ಓಡಿದಳು. ಭಾವ ಬೀದಿಯ ನಡುವೆ ನಿಂತು ಅವಳು ಹೋದ ದಿಕ್ಕನ್ನೇ ನೋಡಿದರು. ನನ್ನ ಕಡೆ ತಿರುಗಿ ಕೈಚೆಲ್ಲಿದರು.

"ಗೊತ್ತಾಗವಲ್ದು ಗೋದಾ," ಎಂದರು. ಅವರ ಮುಖ ತುಂಬ ನಗುವಿತ್ತು.